ಸೊಂಟದಲ್ಲಿ 13 ಗುಂಡು

ನನ್ನ ಪಿಸ್ತೂಲು .45ರದ್ದು, ಅಂದರೆ ಗುಂಡಿನ ಅಡ್ಡಳತೆ ಸುಮಾರು 0.45 ಇಂಚು. ಮ್ಯಾಗಜಿನ್‌ನಲ್ಲಿ 13 ಗುಂಡು ಹಿಡಿಯುತ್ತದೆ. ಗುಂಡು ತುಂಬಿ ಪಿಸ್ತೂಲಿನ ಹಿಡಿಯೊಳಗೆ ಸೇರಿಸುವ ಡಬ್ಬಿ ಅದು. ಪೂರ್ತಿ ತುಂಬಿಸಿದರೆ ಸುಮಾರು 1.1 ಕೆಜಿ ತೂಗುತ್ತದೆ. 7 ವರ್ಷದಿಂದ ಅದು ನನ್ನ ಸೊಂಟದಲ್ಲಿದೆ. ಸ್ನಾನ, ನಿದ್ದೆ, ಒಯ್ಯಬಾರದು ಅಂತ ಕಾನೂನು ಹೇಳುವ ಜಾಗಗಳು, ಇಷ್ಟು ಬಿಟ್ಟರೆ ಎಲ್ಲಾ ಹೊತ್ತಲ್ಲೂ. ಈ 7 ವರ್ಷದಲ್ಲಿ ಒಂದು ಸಲವೂ ಅದನ್ನು ಮನುಷ್ಯರ ಕಡೆ ತಿರುಗಿಸಿಲ್ಲ. ಆ ಗಳಿಗೆ ಬಾರದೇ ಇರಲಿ ಅಂತ ನಿಜವಾಗಿಯೂ ಬೇಡಿಕೊಳ್ಳುತ್ತೇನೆ.

"ಹೆಂಗಸಿಗೆ ಇಷ್ಟು ದೊಡ್ಡದು ಯಾಕೆ?" ಅಂತ ಕೇಳುವವರು ಕೆಲವರು. "ದೊಡ್ಡದೇ ಸರಿ, ನಾನೂ ಅದನ್ನೇ ತಗೋತೀನಿ" ಅನ್ನುವವರು ಇನ್ನು ಕೆಲವರು. ಇಬ್ಬರಿಗೂ ಸೇರಿಸಿ ಒಂದೇ ಸಲ ಹೇಳೋಣ ಅಂತ ಬರೆಯಲು ಕೂತಿದ್ದೇನೆ. ಪಿಸ್ತೂಲು ಎಷ್ಟು ಗುಂಡು ಹಿಡಿಯುತ್ತದೆ ಅನ್ನುವುದನ್ನು ಮಾರುವವರು ಮೊದಲು ಹೇಳುತ್ತಾರೆ. ಅದನ್ನು ನನ್ನ ಕೈ ಹಿಡಿಯುತ್ತದಾ ಅನ್ನುವುದನ್ನು ನಾನೇ ಕೇಳಿಕೊಳ್ಳಬೇಕು. ಇಷ್ಟು ಗೊತ್ತಾಗುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ನನ್ನ ಕೆಲಸ ಕೋಲ್ಡ್ ಸ್ಟೋರೇಜ್ ಕಂಪ್ರೆಸರ್ ರಿಪೇರಿ. ಯಂತ್ರ ಕೆಡುವುದಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ರಾತ್ರಿ 2 ಗಂಟೆಗೆ ಫೋನ್ ಬರುತ್ತದೆ. ಕೋಣೆ ಬಿಸಿಯಾಗುತ್ತಿದೆ, ಬೆಳಗಾದರೆ ಮಾಲು ಕೆಡುತ್ತದೆ ಅನ್ನುತ್ತಾರೆ. ಒಬ್ಬಳೇ ವ್ಯಾನ್ ಹತ್ತಿ ಹೊರಡುತ್ತೇನೆ. ಗೋದಾಮುಗಳು ಇರುವುದೇ ಜನ ಇಲ್ಲದ ಕಡೆ.

ಹಾಗೆ ಹೋದ ಒಂದು ರಾತ್ರಿ ವ್ಯಾನಿನ ಹಿಂಬಾಗಿಲು ತೆಗೆದು ಸ್ಪ್ಯಾನರ್ ಹುಡುಕುತ್ತಿದ್ದೆ. ಬೆನ್ನ ಹಿಂದೆ ಇಬ್ಬರು ಬಂದಿದ್ದು ಗೊತ್ತೇ ಆಗಲಿಲ್ಲ. ಒಬ್ಬ ಕುತ್ತಿಗೆ ಹಿಡಿದು ಬಾಗಿಲಿಗೆ ಒತ್ತಿದ. ಇನ್ನೊಬ್ಬ ಬಲಗೈ ಮಣಿಕಟ್ಟಿನ ಮೇಲೆ ಕಬ್ಬಿಣದ ರಾಡಿನಿಂದ ಹೊಡೆದ. ಫೋನು, ಪರ್ಸು, ಗೇಜ್ ಸೆಟ್ಟು ತಗೊಂಡು ಹೋದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಮೂಳೆ ಬಿರುಕು ಬಿಟ್ಟಿತ್ತು. 6 ವಾರ ಪ್ಲಾಸ್ಟರ್. ಕೈ ವಾಸಿಯಾಯಿತು. ಆದರೆ ವ್ಯಾನಿನ ಹಿಂಬಾಗಿಲು ತೆಗೆಯುವಾಗ ಈಗಲೂ ಬೆನ್ನು ತಣ್ಣಗಾಗುತ್ತದೆ.

ಅಣ್ಣ ಮೊದಲಿನಿಂದಲೂ ಗುರಿ ಹೊಡೆಯುವ ಹುಚ್ಚಿನವನು. ಪ್ಲಾಸ್ಟರ್ ಬಿಚ್ಚಿದ ದಿನವೇ "ಲೈಸೆನ್ಸಿಗೆ ಅರ್ಜಿ ಹಾಕೇ" ಅಂದ. ಅರ್ಜಿ, ತರಬೇತಿ, ತಪಾಸಣೆ ಎಲ್ಲಾ ಮುಗಿಯುವವರೆಗೂ ಅವನದು ಒಂದೇ ಮಾತು. "ದೊಡ್ಡ ಗುಂಡು ಬೇಕು ಕಣೇ. ಜಾಸ್ತಿ ಗುಂಡೂ ಬೇಕು. ಎರಡೂ ಇರೋದನ್ನೇ ತಗೋ, ಆಮೇಲೆ ಒದ್ದಾಡ್ಬೇಡ."

ಅವನು ಸುಮ್ನೆ ಹೇಳಿದ್ದಲ್ಲ. ಈ ವಾದಕ್ಕೆ ನೂರು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. ಫಿಲಿಪ್ಪೀನ್ಸ್‌ನಲ್ಲಿ ಅಮೆರಿಕದ ಸೈನಿಕರು ಅಲ್ಲಿನ ಮೋರೋ ಜನಾಂಗದ ಹೋರಾಟಗಾರರ ಎದುರು .38 ರಿವಾಲ್ವರ್ ಹಿಡಿದು ನಿಂತಾಗ, ಗುಂಡು ತಗುಲಿದವರೂ ನುಗ್ಗಿ ಬರುತ್ತಿದ್ದಾರೆ ಅನ್ನುವ ದೂರು ಬಂತು. 1904ರಲ್ಲಿ ಸೇನೆ ಥಾಂಪ್ಸನ್ ಮತ್ತು ಲಗಾರ್ಡ್ ಅನ್ನುವ ಇಬ್ಬರು ಅಧಿಕಾರಿಗಳಿಂದ ಪರೀಕ್ಷೆ ಮಾಡಿಸಿತು. ಅವರು ಶವಗಳ ಮೇಲೆ, ಕಸಾಯಿಖಾನೆಯ ದನಗಳ ಮೇಲೆ ಗುಂಡು ಹೊಡೆದು ನೋಡಿದರು. ಓದುವಾಗ ಹೊಟ್ಟೆ ತೊಳಸುತ್ತದೆ. ಕೊನೆಗೆ .45ಕ್ಕಿಂತ ಸಣ್ಣದು ಬೇಡ ಅಂದರು. ಜಾನ್ ಬ್ರೌನಿಂಗ್ ಮಾಡಿದ .45 ಪಿಸ್ತೂಲನ್ನು 1911ರಲ್ಲಿ ಸೇನೆ ಒಪ್ಪಿಕೊಂಡಿತು. ಅದರ ಮ್ಯಾಗಜಿನ್‌ಗೆ 7 ಗುಂಡು.

ವಿಶೇಷ ಅಂದರೆ, ಜಾಸ್ತಿ ಗುಂಡಿನ ದಾರಿ ಶುರು ಮಾಡಿದ್ದೂ ಅದೇ ಬ್ರೌನಿಂಗ್. ಅವರು 1926ರಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡರು. ಆಗ ಅರ್ಧದಲ್ಲಿದ್ದ ಇನ್ನೊಂದು ಪಿಸ್ತೂಲನ್ನು ಡ್ಯೂಡೊನೆ ಸೇವ್ ಅನ್ನುವವರು ಮುಗಿಸಿದರು. 1935ರ ಹೈ-ಪವರ್ ಅದು, .45ಕ್ಕಿಂತ ಸಣ್ಣ ಗುಂಡಿನದು. 9 ಎಂಎಂ. ಗುಂಡುಗಳನ್ನು ಒಂದರ ಮೇಲೆ ಒಂದು ನೇರವಾಗಿ ಇಡುವ ಬದಲು ಎರಡು ಸಾಲಿನಲ್ಲಿ ಹೆಣೆದ ಹಾಗೆ ಕೂರಿಸಿದರು. ಹಿಡಿ ಸ್ವಲ್ಪ ಮಾತ್ರ ದಪ್ಪವಾಯಿತು, ಗುಂಡು 13 ಹಿಡಿಯಿತು. 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಗ್ಲಾಕ್‌ನಲ್ಲಿ ಅದು 17 ಆಯಿತು.

ದೊಡ್ಡ ಗುಂಡಿನವರು ಒಂದು ಕಡೆ, ಜಾಸ್ತಿ ಗುಂಡಿನವರು ಒಂದು ಕಡೆ ಹೀಗೆ ಬಹಳ ಕಾಲ ಇದ್ದರು. 1980ರ ದಶಕದ ಕೊನೆಗೆ ಎರಡೂ ಕೂಡಿದವು. ಕೆನಡಾದ ಪ್ಯಾರಾ-ಆರ್ಡ್‌ನೆನ್ಸ್‌ನವರು 1911ರ ಮಾದರಿಗೇ ಎರಡು ಸಾಲಿನ ಹಿಡಿ ಮಾಡಿದರು. 1990ರ ಆಸುಪಾಸಿನಲ್ಲಿ ಗ್ಲಾಕ್ 21 ಬಂತು, .45ರಲ್ಲಿ 13 ಗುಂಡು. ಆಮೇಲೆ ಬಂದ ಎಫ್‌ಎನ್‌ಎಕ್ಸ್-45 ಅಂತೂ 15 ಹಿಡಿಯುತ್ತದೆ.

ಅಣ್ಣ ಪದೇ ಪದೇ ತೆಗೆಯುತ್ತಿದ್ದುದು ಮಯಾಮಿಯ ಕಥೆ. 1986ರ ಏಪ್ರಿಲ್ 11. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ 8 ಜನ ಏಜೆಂಟರು ಇಬ್ಬರು ದರೋಡೆಕೋರರನ್ನು ರಸ್ತೆಯಲ್ಲಿ ಅಡ್ಡಗಟ್ಟಿದರು. ಒಬ್ಬ ದರೋಡೆಕೋರನಿಗೆ ಶುರುವಿನಲ್ಲೇ 9 ಎಂಎಂ ಗುಂಡು ಬಿತ್ತು. ತೋಳು ದಾಟಿ ಎದೆಗೆ ಹೋಯಿತು, ಆದರೆ ಹೃದಯ ಮುಟ್ಟುವ ಮೊದಲೇ ನಿಂತಿತು. ಅವನು ಆಮೇಲೂ ಹೊಡೆಯುತ್ತಲೇ ಇದ್ದ. ಇಬ್ಬರು ಏಜೆಂಟರು ಸತ್ತರು, 5 ಮಂದಿಗೆ ಗಾಯವಾಯಿತು. ಎಫ್‌ಬಿಐ ದೊಡ್ಡ ಗುಂಡು ಹುಡುಕಿಕೊಂಡು 10 ಎಂಎಂಗೆ ಹೋಯಿತು. ಅದು ಕೈಗೆ ಭಾರವಾಯಿತು. ಮದ್ದು ಕಡಿಮೆ ಮಾಡಿ ನೋಡಿದರು. ಆ ದಾರಿಯಲ್ಲೇ 1990ರಲ್ಲಿ .40 ಹುಟ್ಟಿತು.

"ನೋಡಿದ್ಯಾ, 9 ಎಂಎಂ ಸಾಲಲ್ಲ" ಅನ್ನುತ್ತಿದ್ದ ಅಣ್ಣ. ಅವನು ಕಥೆಯ ಕೊನೆ ಹೇಳುತ್ತಿರಲಿಲ್ಲ. ಅದೇ ಎಫ್‌ಬಿಐ 2014ರಲ್ಲಿ 9 ಎಂಎಂ ಕಡೆಗೇ ವಾಪಸ್ ಬರಲು ನಿರ್ಧರಿಸಿತು. ಅಷ್ಟರಲ್ಲಿ ಗುಂಡುಗಳು ಸುಧಾರಿಸಿದ್ದವು. ಮೈಯಂತೆ ಮೆತ್ತಗಿರುವ ಜೆಲ್ಲಿನ ಗಟ್ಟಿಗೆ ಹೊಡೆದಾಗ 12ರಿಂದ 18 ಇಂಚು ಒಳಗೆ ಹೋಗಬೇಕು ಅನ್ನುವುದು ಅವರ ಅಳತೆ. ಒಳ್ಳೆಯ 9 ಎಂಎಂ ಹಾಲೋ ಪಾಯಿಂಟ್, ಅಂದರೆ ತುದಿ ಟೊಳ್ಳಾಗಿದ್ದು ತಗುಲಿದಾಗ ಅರಳುವ ಗುಂಡು, ಅದನ್ನು ಮುಟ್ಟುತ್ತದೆ, .45 ಕೂಡ ಮುಟ್ಟುತ್ತದೆ. ಒದೆತ, ಅಂದರೆ ಗುಂಡು ಹಾರುವಾಗ ಪಿಸ್ತೂಲು ಕೈಯನ್ನು ಹಿಂದಕ್ಕೆ ತಳ್ಳುವುದು, ಕಡಿಮೆ ಇದ್ದರೆ ಜಾಸ್ತಿ ಜನ ಸರಿಯಾಗಿ ಹೊಡೆಯುತ್ತಾರೆ. ಅಷ್ಟೇ ಅವರ ಲೆಕ್ಕ. ಪಿಸ್ತೂಲಿನ ಗುಂಡು ಯಾವುದೇ ಆಗಲಿ, ಸಿನಿಮಾದ ಹಾಗೆ ಮನುಷ್ಯನನ್ನು ಹಿಂದಕ್ಕೆ ಎಸೆಯುವುದಿಲ್ಲ. ಎಲ್ಲಿ ಬಿತ್ತು, ಎಷ್ಟು ಆಳಕ್ಕೆ ಹೋಯಿತು, ಇವೆರಡೇ ಕೆಲಸ ಮಾಡುವುದು.

ಇದೆಲ್ಲಾ ನಾನು ಆಮೇಲೆ ಓದಿಕೊಂಡಿದ್ದು. ಆವತ್ತು ಅಣ್ಣನ ಮಾತೇ ವೇದ. .45 ತಗೊಂಡೆ.

ಮೊದಲ ದಿನ ಗುರಿ ಅಭ್ಯಾಸದ ರೇಂಜ್‌ನಲ್ಲಿ 7 ಮೀಟರ್ ದೂರದ ಹಾಳೆಗೆ 10 ಗುಂಡು ಹೊಡೆದೆ. 4 ಹಾಳೆಗೆ ಬಿದ್ದವು. ನಾಲ್ಕೂ ಎಡಗಡೆ, ಕೆಳಗೆ. ಉಳಿದವು ಎಲ್ಲಿಗೆ ಹೋದವೋ ಹಿಂದಿನ ಮಣ್ಣಿನ ದಿಬ್ಬಕ್ಕೇ ಗೊತ್ತು.

.45ರ ಒಂದೊಂದು ಗುಂಡೂ ಸುಮಾರು 11.5 ಮಿಲಿಮೀಟರ್ ದಪ್ಪ. ಅಂಥವನ್ನು ಎರಡು ಸಾಲಿನಲ್ಲಿ ಕೂರಿಸಿದರೆ ಹಿಡಿ ದಪ್ಪ ಆಗಲೇಬೇಕು, ಅಲ್ವಾ? ನನ್ನ ಅಂಗೈ ಸಣ್ಣದು. ಹೆಬ್ಬೆರಳಿನ ಬುಡ ಹಿಡಿಯ ಹಿಂಭಾಗಕ್ಕೆ ಸರಿಯಾಗಿ ಒತ್ತಿ ಕೂತರೆ ತೋರುಬೆರಳು ಟ್ರಿಗರ್‌ಗೆ ಎಟುಕುತ್ತಿರಲಿಲ್ಲ. ಬೆರಳು ಎಟುಕಲಿ ಅಂತ ಕೈ ತಿರುಗಿಸಿ ಹಿಡಿದರೆ ಒದೆತ ಎಲ್ಲಾ ಹೆಬ್ಬೆರಳಿನ ಕೀಲಿನ ಮೇಲೆ. ಮುರಿದು ಕೂಡಿದ ಮಣಿಕಟ್ಟು ಬೇರೆ. ಸಂಜೆ ಸ್ಪ್ಯಾನರ್ ಹಿಡಿಯುವುದಕ್ಕೂ ಆಗಲಿಲ್ಲ.

ಮಣಿಕಟ್ಟು ಸಡಿಲ ಆಗಿದ್ದರಿಂದ ಇನ್ನೊಂದು ತೊಂದರೆ ಬಂತು. ಈ ಪಿಸ್ತೂಲುಗಳು ತಮ್ಮ ಒದೆತದ ಬಲದಿಂದಲೇ ಖಾಲಿ ತೋಟಾ ಹೊರಗೆ ಎಸೆದು ಮುಂದಿನ ಗುಂಡು ತುಂಬಿಕೊಳ್ಳುತ್ತವೆ. ಹಿಂದೆ ಗಟ್ಟಿಯಾಗಿ ತಡೆಯುವ ಕೈ ಇದ್ದರೆ ಮಾತ್ರ ಸ್ಲೈಡು, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಪೂರ್ತಿ ಹಿಂದಕ್ಕೆ ಹೋಗುತ್ತದೆ. ನನ್ನ ಕೈ ಪಿಸ್ತೂಲಿನ ಜೊತೆಗೇ ಹಿಂದೆ ಹೋಗುತ್ತಿತ್ತು. ಖಾಲಿ ತೋಟಾ ಹೊರಗೆ ಬೀಳದೆ ಸ್ಲೈಡಿನ ಬಾಯಲ್ಲಿ ಸಿಕ್ಕಿಕೊಂಡು ಹೊಗೆ ಕೊಳವೆಯ ಹಾಗೆ ನೆಟ್ಟಗೆ ನಿಂತುಬಿಡುತ್ತಿತ್ತು. 13 ಗುಂಡು ಇದೆ ಅಂತ ಧೈರ್ಯವಾಗಿ ಇದ್ದವಳಿಗೆ 3ನೇ ಗುಂಡಿಗೇ ಪಿಸ್ತೂಲು ನಿಂತಿತು. ಒಳಗೆ 10 ಇದ್ದು ಏನು ಪ್ರಯೋಜನ?

ಕಲಿಸುವ ಮೇಷ್ಟ್ರು ಸೇನೆಯಿಂದ ನಿವೃತ್ತರಾದವರು. ಜಾಸ್ತಿ ಮಾತಾಡುವವರಲ್ಲ. ಎರಡನೇ ವಾರ ನನ್ನ ಮ್ಯಾಗಜಿನ್ ಈಸಿಕೊಂಡು, ಆ ಕಡೆ ತಿರುಗಿ ಏನೋ ಮಾಡಿ ವಾಪಸ್ ಕೊಟ್ಟರು. ಹೊಡೆಯುತ್ತಾ ಹೋದೆ. ಒಂದು, ಎರಡು. ಮೂರನೆಯದಕ್ಕೆ ಬರೀ ಟಿಕ್ ಅಂತ ಸದ್ದು. ಗುಂಡು ಹಾರಲಿಲ್ಲ, ಆದರೆ ಪಿಸ್ತೂಲಿನ ಮೂತಿ ಮೂರು ಬೆರಳಷ್ಟು ಕೆಳಗೆ ಕುಕ್ಕರಿಸಿತು. ಮಧ್ಯದಲ್ಲಿ ಒಂದು ಸುಳ್ಳು ಗುಂಡು ಸೇರಿಸಿದ್ದರು. ಒದೆತ ಬರುತ್ತದೆ ಅಂತ ಕೈ ಮೊದಲೇ ಹೆದರಿ ಕೆಳಗೆ ಒತ್ತುತ್ತಿತ್ತು. ಹಾಳೆಯಲ್ಲಿ ಎಲ್ಲಾ ಕೆಳಗೆ ಎಡಕ್ಕೆ ಬೀಳುತ್ತಿದ್ದುದು ಅದಕ್ಕೆ.

"ಪಿಸ್ತೂಲು ಸರಿ ಇದೆ ಕಣಮ್ಮ" ಅಂದರು ಮೇಷ್ಟ್ರು. "ಅದನ್ನ ನೀನಿನ್ನೂ ನಂಬಿಲ್ಲ."

ಅಲ್ಲಿಂದ ಶುರುವಾಯಿತು ನಿಜವಾದ ಕಲಿಕೆ. ಹಿಡಿಯ ಹಿಂಭಾಗದ ತಟ್ಟೆ ಬದಲಾಯಿಸಿ ಅತಿ ಸಣ್ಣದು ಹಾಕಿಕೊಂಡೆ. ಎಡಗೈ ಕೆಲಸ ಕಲಿತೆ. ಬಲಗೈ ಹಿಡಿಯಬೇಕು, ಎಡಗೈ ಹಿಂಡಬೇಕು. ದಿನಾ ರಾತ್ರಿ 10 ನಿಮಿಷ ಖಾಲಿ ಪಿಸ್ತೂಲಿನ ಅಭ್ಯಾಸ. ಗುಂಡುಗಳನ್ನೆಲ್ಲಾ ಬೇರೆ ಕೋಣೆಯಲ್ಲಿಟ್ಟು ಬರುತ್ತೇನೆ. ಸ್ಲೈಡ್ ಎಳೆದು ನಳಿಗೆಯ ಹಿಂದಿನ ಗೂಡಿಗೆ ಕಿರುಬೆರಳು ಹಾಕಿ ಖಾಲಿ ಇದೆ ಅಂತ ಮುಟ್ಟಿ ನೋಡುತ್ತೇನೆ. ಕಣ್ಣಿನ ಮೇಲೆ ಮಾತ್ರ ಭರವಸೆ ಇಡುವುದಿಲ್ಲ. ಆಮೇಲೆ ಗೋಡೆಯ ಮೇಲಿನ ಒಂದು ಚುಕ್ಕೆಗೆ ಗುರಿ ಇಟ್ಟು, ಮುಂದಿನ ಸೈಟ್, ಅಂದರೆ ಮೂತಿಯ ಮೇಲಿನ ಗುರಿಗೂಟ, ಅಲುಗದ ಹಾಗೆ ಟ್ರಿಗರ್ ಒತ್ತುವುದು. ಅಷ್ಟೇ, ಮತ್ತೆ ಮತ್ತೆ. ಗುಂಡು ಸಿಕ್ಕಿಕೊಂಡರೆ ಮಾಡುವ ಕೆಲಸವೂ ಹಾಗೇ ಕೈಗೆ ಬಂತು. ಮ್ಯಾಗಜಿನ್ ತಳಕ್ಕೆ ತಟ್ಟು, ಸ್ಲೈಡ್ ಎಳೆ, ಮತ್ತೆ ಗುರಿ ನೋಡು. ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಕಂಪ್ರೆಸರ್‌ಗಳ ಸರ್ವಿಸ್ ಪುಸ್ತಕದ ಹಾಗೇ. ಇಲ್ಲಿಯವರೆಗೆ 6,400 ಗುಂಡು. ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಎರಡು ಸಲ ಬದಲಾಯಿಸಿದ್ದೇನೆ. ಸ್ಪ್ರಿಂಗ್ ಅಂದಮೇಲೆ ಸವೆಯುತ್ತದೆ. ಅದು ಕಂಪ್ರೆಸರ್ ವಾಲ್ವಿನದಾದರೂ ಅಷ್ಟೇ, ಪಿಸ್ತೂಲಿನದಾದರೂ ಅಷ್ಟೇ.

ಕೆಳಗೆ ಎಡಕ್ಕೆ ಬೀಳುವುದು ನಿಂತಿದ್ದು 14ನೇ ತಿಂಗಳಿಗೆ. ಆ ಹಾಳೆ ಈಗಲೂ ಇಟ್ಟುಕೊಂಡಿದ್ದೇನೆ.

ಇನ್ನು ಹೊತ್ತು ತಿರುಗುವ ವಿಷಯ. ಇದರ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ನಾನು ದಿನಕ್ಕೆ 50 ಸಲ ಬಗ್ಗುವವಳು. ಕಂಪ್ರೆಸರ್ ಕೆಳಗೆ ಪಕ್ಕಕ್ಕೆ ಮಲಗಿ ಆಯಿಲ್ ಬಿಡಬೇಕು. ದೊಡ್ಡ ಪಿಸ್ತೂಲನ್ನು ಹೊಟ್ಟೆಯ ಮುಂದೆ ಸಿಕ್ಕಿಸಿದರೆ ಬಗ್ಗಿದಾಗ ನಳಿಗೆ ತೊಡೆಯ ಸಂದಿಗೆ ಒತ್ತುತ್ತದೆ, ಹಿಡಿ ಪಕ್ಕೆಲುಬಿಗೆ ಚುಚ್ಚುತ್ತದೆ. ಬಲ ಸೊಂಟದ ಮೂಳೆಯ ಸ್ವಲ್ಪ ಹಿಂದೆ ಇಟ್ಟರೆ ಬಗ್ಗಬಹುದು, ಆದರೆ ಬಟ್ಟೆಯ ಮೇಲೆ ಉಬ್ಬು ಕಾಣುತ್ತದೆ. ಹಾಗಾಗಿ ಒಂದು ಅಳತೆ ದೊಡ್ಡ ಶರ್ಟು. ಮಾಮೂಲಿ ಬೆಲ್ಟು 1.1 ಕೆಜಿ ತಡೆಯುವುದಿಲ್ಲ, ಸಂಜೆ ಹೊತ್ತಿಗೆ ಪ್ಯಾಂಟು ಒಂದು ಕಡೆ ಜಾರಿರುತ್ತದೆ. ಒಳಗೆ ಗಟ್ಟಿ ಪಟ್ಟಿ ಇರುವ ಬೆಲ್ಟೇ ಬೇಕು. ಹೋಲ್‌ಸ್ಟರ್, ಅಂದರೆ ಪಿಸ್ತೂಲು ಕೂರಿಸುವ ಒರೆ, ಟ್ರಿಗರ್‌ನ ಸುತ್ತ ಪೂರ್ತಿ ಮುಚ್ಚಿರಬೇಕು, ಒಳಗೆ ಬೆರಳು ತೂರಬಾರದು. ನನ್ನದು ಕೈಡೆಕ್ಸ್, ಅಂದರೆ ಬಿಸಿ ಮಾಡಿ ಪಿಸ್ತೂಲಿನ ಅಚ್ಚಿಗೇ ಒತ್ತಿದ ಪ್ಲಾಸ್ಟಿಕ್ಕು. ಮೆತ್ತಗಿನ ಬಟ್ಟೆ ಹೋಲ್‌ಸ್ಟರ್ ಯಾರಾದರೂ ಕೊಟ್ಟರೆ ದಯವಿಟ್ಟು ಬೇಡ ಅನ್ನಿ.

ಶೌಚಾಲಯದ ಮಾತೂ ಹೇಳಲೇಬೇಕು. ಹೊತ್ತು ತಿರುಗುವವರು ಪಿಸ್ತೂಲು ಮರೆತು ಬರುವುದು ಅಲ್ಲೇ. ಕೊಕ್ಕೆಗೆ ತೂಗುಹಾಕಬಾರದು, ನೀರಿನ ತೊಟ್ಟಿಯ ಮೇಲೆ ಇಡಬಾರದು. ಹೋಲ್‌ಸ್ಟರ್ ಸಮೇತ ಬೆಲ್ಟಿನಲ್ಲೇ, ಕಾಲುಗಳ ನಡುವೆ, ಕಣ್ಣಿನ ಮುಂದೆ ಇರಬೇಕು.

ನನಗೆ ನಿಜವಾಗಿ ಮೈ ನಡುಗಿದ್ದು ಒಂದು ಚಳಿ ಕೋಣೆಯ ಹೊರಗೆ. ಒಳಗೆ ಮೈನಸ್ 20 ಡಿಗ್ರಿ. ದಪ್ಪ ಜಾಕೆಟ್ ಹಾಕಿ ಎರಡು ಗಂಟೆ ಕೆಲಸ ಮಾಡಿದ್ದೆ. ಚಳಿ ಕೋಣೆಯಿಂದ ಹೊರಗೆ ಬಂದ ತಕ್ಷಣ ಪಿಸ್ತೂಲು ಬೆವರುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಮೈಯೆಲ್ಲಾ ನೀರ ಹನಿ. ಬಿಟ್ಟರೆ ಮರುದಿನವೇ ಸ್ಲೈಡಿನ ಅಂಚಿನಲ್ಲಿ ಕಂದು ಚುಕ್ಕೆ ಬರುತ್ತದೆ. ಹಾಗಾಗಿ ವ್ಯಾನಿನಲ್ಲಿ ಬಾಗಿಲು ಹಾಕಿಕೊಂಡು ಗುಂಡು ತೆಗೆದು, ಒರೆಸಿ, ಮತ್ತೆ ತುಂಬಿಸಿ ಹೋಲ್‌ಸ್ಟರ್‌ಗೆ ಇಡುವುದು ನನ್ನ ರೂಢಿ. ಆವತ್ತೂ ಹಾಗೇ ಮಾಡಿದೆ. ಹೋಲ್‌ಸ್ಟರ್‌ಗೆ ಇಳಿಸುವಾಗ ಕೊನೆಯ ಒಂದು ಇಂಚಿಗೆ ಏನೋ ತಡೆದಂತಾಯಿತು. ಚಳಿಗೆ ಬೆರಳು ಮರಗಟ್ಟಿದ್ದವು, ಸರಿಯಾಗಿ ತಿಳಿಯಲಿಲ್ಲ. ಇನ್ನೊಂದು ಚೂರು ಒತ್ತಿಬಿಡೋಣ ಅನ್ನಿಸಿತು.

"ತೆಗೆಯುವಾಗ ಬೇಗ, ಇಡುವಾಗ ನಿಧಾನ" ಅಂತ ಮೇಷ್ಟ್ರು ನೂರು ಸಲ ಹೇಳಿದ್ದರು. ಕೈ ನಿಂತಿತು. ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಜಾಕೆಟ್ಟಿನ ಸೊಂಟದ ದಾರದ ತುದಿಯಲ್ಲಿ ಇರುತ್ತದಲ್ಲ ಕಪ್ಪು ಪ್ಲಾಸ್ಟಿಕ್ ಗುಂಡಿ, ಅದು ಟ್ರಿಗರ್ ಮತ್ತು ಅದರ ಸುತ್ತಿನ ಬಳೆಯ ನಡುವೆ ಹೋಗಿ ಕೂತಿತ್ತು. ಇನ್ನೊಂದು ಚೂರು ಒತ್ತಿದ್ದರೆ ಆ ಗುಂಡಿಯೇ ನನ್ನ ಬೆರಳಿನ ಕೆಲಸ ಮಾಡುತ್ತಿತ್ತು. ನಳಿಗೆ ಇದ್ದದ್ದು ನನ್ನ ತೊಡೆಯ ಕಡೆಗೆ.

ಪಿಸ್ತೂಲನ್ನು ನೇರವಾಗಿ ಮೇಲೆತ್ತಿ, ಗುಂಡು ತೆಗೆದು, ಸೀಟಿನ ಮೇಲಿಟ್ಟು ಹಾಗೇ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಮನೆಗೆ ಬಂದು ಇದ್ದ ಎಲ್ಲಾ ಜಾಕೆಟ್ಟುಗಳ ದಾರ ಕತ್ತರಿಸಿ ಹಾಕಿದೆ.

ಈಗ 13 ಗುಂಡಿನ ವಿಷಯಕ್ಕೆ ಬರುತ್ತೇನೆ. ಜಾಸ್ತಿ ಗುಂಡು ಇರುವುದು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಭಯದಲ್ಲಿ ಕೈ ನಡುಗುತ್ತದೆ, ಗುರಿ ತಪ್ಪುತ್ತದೆ, ಎದುರಿಗೆ ಒಬ್ಬನೇ ಇರಬೇಕು ಅಂತಿಲ್ಲ. ನನ್ನ ಮೇಲೆ ಬಿದ್ದವರೂ ಇಬ್ಬರು. ಕತ್ತಲಲ್ಲಿ ಮ್ಯಾಗಜಿನ್ ಬದಲಾಯಿಸುವುದು ಸುಲಭದ ಮಾತಲ್ಲ. ಇದೆಲ್ಲಾ ಸರಿ. ಆದರೆ ಗುರಿ ತಪ್ಪಿದ ಗುಂಡು ಎಲ್ಲಿಗೋ ಹೋಗಿ ಬೀಳಲೇಬೇಕಲ್ಲ? ಅಮೆರಿಕದ ಬಂದೂಕು ತರಬೇತುದಾರ ಜೆಫ್ ಕೂಪರ್ ಅವರ ನಾಲ್ಕು ನಿಯಮಗಳು ಬಂದೂಕು ಹಿಡಿದವರಿಗೆಲ್ಲಾ ಗೊತ್ತು. ನಾಲ್ಕನೆಯದು, ಗುರಿ ಯಾವುದು ಮತ್ತು ಅದರ ಹಿಂದೆ ಏನಿದೆ ಅಂತ ತಿಳಿದಿರಬೇಕು ಅನ್ನುವುದು.

ನನ್ನ ಕೆಲಸದ ಜಾಗದಲ್ಲಿ ಹಿಂದೆ ಏನಿರುತ್ತದೆ ಗೊತ್ತಾ? ಚಳಿ ಕೋಣೆಯ ಗೋಡೆ ಅಂದರೆ ಎರಡು ತೆಳು ತಗಡಿನ ನಡುವೆ ಫೋಮು. ಗುಂಡಿಗೆ ಅದು ಗೋಡೆಯೇ ಅಲ್ಲ. ಆ ಕಡೆ ಹಮಾಲರು ಮೂಟೆ ಜೋಡಿಸುತ್ತಿರಬಹುದು. ಕಂಪ್ರೆಸರ್ ಕೋಣೆಯಲ್ಲಾದರೆ ಸುತ್ತಲೂ ಅಮೋನಿಯಾ ಪೈಪು. ಒಂದು ಪೈಪು ಒಡೆದರೆ ನಾನೂ ಸಾಯುತ್ತೇನೆ, ಏನೂ ತಿಳಿಯದ ಕಾವಲುಗಾರನೂ ಸಾಯುತ್ತಾನೆ. ಹಾಗಾಗಿ ಕಂಪ್ರೆಸರ್ ಕೋಣೆಯೊಳಗೆ ಪಿಸ್ತೂಲು ತೆಗೆಯುವುದೇ ಇಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೇನೆ. ಅಲ್ಲಿ ಹಿಂಬಾಗಿಲಿನಿಂದ ಓಡುವುದೇ ನನ್ನ ರಕ್ಷಣೆ. ಯಾವ ಜಾಗಕ್ಕೆ ಹೋದರೂ ಮೊದಲು ಹಿಂಬಾಗಿಲು ಬೀಗ ಹಾಕಿದೆಯಾ ನೋಡುತ್ತೇನೆ. 13 ಗುಂಡು ಇದೆ ಅಂತ 13 ಹೊಡೆಯುವ ಅಪ್ಪಣೆ ಯಾರೂ ಕೊಟ್ಟಿಲ್ಲ. ಒಂದೊಂದಕ್ಕೂ ನಾನೇ ಲೆಕ್ಕ ಒಪ್ಪಿಸಬೇಕು, ಕೋರ್ಟಿಗೂ, ನನಗೂ.

ಆ ಇಬ್ಬರು ಮೇಲೆ ಬಿದ್ದ ರಾತ್ರಿ ಪಿಸ್ತೂಲು ಇದ್ದಿದ್ದರೆ ಏನಾಗುತ್ತಿತ್ತು ಅಂತ ಬಹಳ ಸಲ ಯೋಚಿಸಿದ್ದೇನೆ. ಏನೂ ಆಗುತ್ತಿರಲಿಲ್ಲ. ಅಮೆರಿಕದ ಪೊಲೀಸ್ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೆಕ್ಕ ಒಂದಿದೆ. ಚಾಕು ಹಿಡಿದ ಮನುಷ್ಯ 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಜಾಕೆಟ್ ಸರಿಸಿ ಪಿಸ್ತೂಲು ತೆಗೆದು ಒಂದು ಗುಂಡು ಹೊಡೆಯುವುದಕ್ಕೆ ನನಗೆ ಮೊದಲು 3.8 ಸೆಕೆಂಡ್ ಬೇಕಿತ್ತು. 7 ವರ್ಷದ ಅಭ್ಯಾಸದ ಮೇಲೆ ಈಗ 1.9. ಅವರಿಬ್ಬರು ಇದ್ದದ್ದು ಕೈ ಅಳತೆಯಲ್ಲಿ, ಅದೂ ಬೆನ್ನ ಹಿಂದೆ. ಕುತ್ತಿಗೆ ಸಿಕ್ಕಿದ ಮೇಲೆ ಪಿಸ್ತೂಲಿಗೆ ಕೈ ಹಾಕಿದ್ದರೆ ಅದು ಅವರ ಕೈಗೇ ಹೋಗುತ್ತಿತ್ತೇನೋ.

ಹಾಗಾಗಿ ಬದಲಾಗಿದ್ದು ಬೇರೆಯದೇ. ಈಗ ವ್ಯಾನನ್ನು ಹೊರಗೆ ಮುಖ ಮಾಡಿ, ದೀಪದ ಕೆಳಗೆ ನಿಲ್ಲಿಸುತ್ತೇನೆ. ಇಳಿಯುವ ಮೊದಲು ಒಂದು ನಿಮಿಷ ಸುತ್ತಲೂ ನೋಡುತ್ತೇನೆ. ಸಾಮಾನು ಪಕ್ಕದ ಬಾಗಿಲಿನಿಂದಲೇ ಕೈಗೆ ಸಿಗುವ ಹಾಗೆ ಜೋಡಿಸಿದ್ದೇನೆ. ಯಾರಾದರೂ ಬೈದರೆ, ಹಾರ್ನ್ ಹೊಡೆದರೆ ಸುಮ್ಮನೆ ತಲೆ ತಗ್ಗಿಸಿ ದಾರಿ ಬಿಡುತ್ತೇನೆ. ಮೊದಲು ನಾನು ಹಾಗಿರಲಿಲ್ಲ. ಸೊಂಟದಲ್ಲಿ ಪಿಸ್ತೂಲು ಇರುವವರು ಜಗಳ ಆಡಬಾರದು.

ಕಾನೂನು ಒಂದೊಂದು ಕಡೆ ಒಂದೊಂದು ರೀತಿ. ಅಮೆರಿಕದಲ್ಲೇ 1994ರಿಂದ 2004ರವರೆಗೆ 10ಕ್ಕಿಂತ ಜಾಸ್ತಿ ಗುಂಡಿನ ಹೊಸ ಮ್ಯಾಗಜಿನ್ ಸಾಮಾನ್ಯ ಜನರಿಗೆ ಮಾರುವ ಹಾಗಿರಲಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಈಗಲೂ 10ರ ಮಿತಿ ಇದೆ. ಒಂದು ಗಡಿ ದಾಟಿದರೆ ನಿಮ್ಮ ಮ್ಯಾಗಜಿನ್ನೇ ಅಪರಾಧ ಆಗಬಹುದು. ಹೊರಡುವ ಮೊದಲು ಓದಿಕೊಳ್ಳಿ. ಕುಡಿಯುವ ಅಭ್ಯಾಸ ಇರುವವರು ಪಿಸ್ತೂಲಿನ ಯೋಚನೆಯನ್ನೇ ಬಿಡಿ.

ಮನೆಯ ವಿಷಯ. ಅಣ್ಣನ ಮಗನಿಗೆ 6 ವರ್ಷ. ಒಂದು ಭಾನುವಾರ ಓಡಿ ಬಂದು ಸೊಂಟ ತಬ್ಬಿಕೊಂಡವನು "ಅತ್ತೆ, ಇಲ್ಲಿ ಏನೋ ಗಟ್ಟಿ ಇದೆ" ಅಂದ. ಸುಳ್ಳು ಹೇಳಲಿಲ್ಲ. ಅವನ ಎದುರು ಕೂತು, ಇದು ಪಿಸ್ತೂಲು, ಇದರಿಂದ ಮನುಷ್ಯರು ಸಾಯುತ್ತಾರೆ ಅಂದೆ. ಎಲ್ಲೇ ಕಂಡರೂ ಮುಟ್ಟಬಾರದು, ಅಲ್ಲಿಂದ ಓಡಿಹೋಗಬೇಕು, ದೊಡ್ಡವರಿಗೆ ಹೇಳಬೇಕು ಅಂತ ಮೂರು ಸಲ ಬಾಯಿಪಾಠ ಮಾಡಿಸಿದೆ. ಅವನು ಕಲಿತ. ಆದರೆ ಮಗುವಿನ ನೆನಪಿನ ಮೇಲೆ ಭಾರ ಹಾಕುವುದು ತಪ್ಪು. ಸೊಂಟದಿಂದ ಇಳಿದ ಪಿಸ್ತೂಲು ನೇರ ಉಕ್ಕಿನ ಪೆಟ್ಟಿಗೆಗೆ. ಪೆಟ್ಟಿಗೆ ಗೋಡೆಗೆ ಬೋಲ್ಟ್ ಆಗಿದೆ. ದಿಂಬಿನ ಕೆಳಗೆ, ಬಟ್ಟೆಗಳ ನಡುವೆ, ಬೀರುವಿನ ಮೇಲೆ, ಇವು ಯಾವುವೂ ಬಚ್ಚಿಡುವ ಜಾಗಗಳಲ್ಲ. ಮಕ್ಕಳಿಗೆ ಅವೆಲ್ಲಾ ಮೊದಲೇ ಗೊತ್ತಿರುತ್ತವೆ.

ಹೋದ ತಿಂಗಳು ಅತ್ತಿಗೆ ತನಗೂ ಒಂದು ಬೇಕು ಅಂದಳು. ಅಣ್ಣ ಹಳೆಯ ಪಾಠವನ್ನೇ ಶುರು ಮಾಡಿದ. "ಸ್ವಲ್ಪ ಸುಮ್ನಿರೋ" ಅಂದು ಅತ್ತಿಗೆಯನ್ನು ರೇಂಜ್‌ಗೆ ಕರೆದುಕೊಂಡು ಹೋದೆ. ನನ್ನ .45 ಕೊಟ್ಟೆ, ರೇಂಜ್‌ನವರ 9 ಎಂಎಂ ಕೊಟ್ಟೆ. ಅದು 15 ಗುಂಡಿನದು. 7 ಮೀಟರ್, ಅಂಗೈ ಅಗಲದ ಗುರಿ, 5 ಗುಂಡು, ಕೈಯಲ್ಲಿ ಟೈಮರ್. .45ರಲ್ಲಿ ಅವಳದು 2 ಬಿದ್ದವು, 9 ಎಂಎಂನಲ್ಲಿ 4. ಹೊತ್ತೂ ಅರ್ಧ. "ನಿನಗೆ ಇದೇ ಸರಿ ಅತ್ತಿಗೆ" ಅಂದೆ. ಅವಳು ಮಾತ್ರ "ಹಾಗಾದ್ರೆ ನೀನ್ಯಾಕೆ ಇನ್ನೂ ಅದನ್ನೇ ಹೊರ್ತೀಯ?" ಅಂತ ಕೇಳಿದಳು.

ಕಾರಣ ಇದೆ. 9 ಎಂಎಂ ಗುಂಡು ಸುಮಾರು 8 ಗ್ರಾಂ, ಶಬ್ದಕ್ಕಿಂತ ವೇಗವಾಗಿ ಹೋಗುತ್ತದೆ. .45ರದ್ದು 15 ಗ್ರಾಂ, ಸೆಕೆಂಡಿಗೆ 250 ಮೀಟರ್ ಆಸುಪಾಸು, ಶಬ್ದಕ್ಕಿಂತ ನಿಧಾನ. ತೋಟಾದೊಳಗಿನ ಒತ್ತಡವೂ ಬಹಳ ಕಡಿಮೆ. ನನ್ನ ಕೂಡಿದ ಮೂಳೆಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. 9 ಎಂಎಂ ಮಣಿಕಟ್ಟನ್ನು ಕುಕ್ಕಿದ ಹಾಗೆ, .45 ತಳ್ಳಿದ ಹಾಗೆ. ಕೈ ಕಲಿತ ಮೇಲೆ ಆ ತಳ್ಳುವಿಕೆ ನನಗೆ ಹಿತವಾಯಿತು. ಇನ್ನೊಂದು, 6,400 ಗುಂಡಿನ ರೂಢಿ ಈ ಹಿಡಿಯ ಜೊತೆಗೇ ಬೆಳೆದಿದೆ. ಅದನ್ನು ಬಿಟ್ಟು ಮೊದಲಿಂದ ಶುರು ಮಾಡುವುದಕ್ಕೆ ಮನಸ್ಸಿಲ್ಲ. ಇವತ್ತು ಹೊಸದಾಗಿ ತಗೊಳ್ಳುವುದಾಗಿದ್ದರೆ ನಾನೂ 9 ಎಂಎಂ ಅನ್ನೇ ಮೊದಲು ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಅತ್ತಿಗೆಗೂ ಅದನ್ನೇ ಹೇಳಿದೆ.

ಇವತ್ತು ಅಭ್ಯಾಸಕ್ಕೆ ಮೊದಲು 13 ಗುಂಡುಗಳನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ದಿನಾ ರಾತ್ರಿ ತೆಗೆದು ಬೆಳಿಗ್ಗೆ ತುಂಬಿಸುವಾಗ ಮೇಲಿನ ಗುಂಡೇ ಪ್ರತಿ ಸಲ ನಳಿಗೆಯ ಬಾಯಿಗೆ ಬಡಿಯುತ್ತದೆ. ಬಡಿದು ಬಡಿದು ಸೀಸದ ತುದಿ ಹಿತ್ತಾಳೆಯ ಒಳಗೆ ಕೂರುತ್ತಾ ಹೋಗುತ್ತದೆ. ಒಳಗಿನ ಜಾಗ ಕಿರಿದಾದರೆ ಒತ್ತಡ ಮಿತಿ ಮೀರುತ್ತದೆ. ಹಾಗಾಗಿ ಮೇಲಿನ ಗುಂಡಿನ ತಳಕ್ಕೆ ಮಾರ್ಕರ್‌ನಿಂದ ಗೆರೆ ಎಳೆದಿರುತ್ತೇನೆ. ಅದನ್ನು ಪಕ್ಕದ ಹೊಸ ಗುಂಡಿನ ಜೊತೆ ನಿಲ್ಲಿಸಿ, ಮೇಜಿನ ಮಟ್ಟಕ್ಕೆ ಕಣ್ಣು ತಂದು ನೋಡಿದೆ. ಉಗುರಿನ ದಪ್ಪದಷ್ಟು ಗಿಡ್ಡ ಆಗಿತ್ತು. ಅದನ್ನು ಬೇರೆ ಡಬ್ಬಿಗೆ ಹಾಕಿ, ಹೊಸದೊಂದು ತೆಗೆದು ತಳಕ್ಕೆ ಗೆರೆ ಎಳೆದೆ.